ಫೋನು ತನ್ನ ಬಗ್ಗೆ ಹೇಳಿಕೊಂಡದ್ದು

ಕೊಟ್ಟೂರಿನ ನಮ್ಮ ಓಣಿಯ ಇಬ್ಬರು ಹುಡುಗಿಯರು ಈ ವರ್ಷ ವೆಬ್ ಪುಟ ಕಟ್ಟುವ ಕೆಲಸಕ್ಕೆ ಸೇರಿದ್ದಾರೆ. ಸೇರುವ ಮುನ್ನ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಎಂದು ಕೇಳಿದರು. ಚಹಾ ಕೊಟ್ಟು, ಬೇಸರದ ಕೆಲಸ ಎಂದೆ. ಅವರು ನಕ್ಕರು. ನಾನೇನೂ ತಮಾಷೆ ಮಾಡಿರಲಿಲ್ಲ. ಆದರೆ ಅವರು ಹೋದ ಮೇಲೆ, ಅಷ್ಟೇ ಹೇಳಿ ಕಳಿಸಿದ್ದು ಸರಿಯಾಗಲಿಲ್ಲ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಶಾಲು ಇದರಲ್ಲಿಲ್ಲ. ಹೂವಿನಹಡಗಲಿಯಲ್ಲಿ ಗಂಗಮ್ಮ ಎಂಬ ಹೂವಿನ ಏಜೆಂಟರೊಬ್ಬರಿದ್ದರು. ಅವರ ದಂಧೆ ನಮ್ಮ ಕೆಲಸದ ದೆಸೆಯಿಂದ ಎರಡು ಸಲ ಕೈತಪ್ಪುವುದರಲ್ಲಿತ್ತು. ಮುಖ್ಯವಾಗಿ ಹೇಳಬೇಕಾದದ್ದು ಅದನ್ನು. ದಾರಿಯಲ್ಲಿ ಸಿಕ್ಕಿದ್ದನ್ನೂ ಒಂದಿಷ್ಟು ಹೇಳುತ್ತೇನೆ.

ಮೊದಲು ಕೆಲಸ ಏನೆಂದು ತಿಳಿಸಬೇಕು. ಆಗ ಎಲ್ಲರ ಕೈಯಲ್ಲೂ ಗುಂಡಿ ಒತ್ತುವ ಸಣ್ಣ ಫೋನುಗಳು. ಒಂದರ ಪರದೆ ಬೆಂಕಿಪೆಟ್ಟಿಗೆಯಷ್ಟು, ಇನ್ನೊಂದರದು ಅದರ ಎರಡರಷ್ಟು. ಒಂದಕ್ಕೆ ಬಣ್ಣ ಬರುತ್ತದೆ, ಒಂದಕ್ಕೆ ಬರುವುದಿಲ್ಲ. ಒಂದಕ್ಕೆ ಚಿತ್ರ ತೋರಿಸಲು ಬರುತ್ತದೆ, ಇನ್ನೊಂದು ಚಿತ್ರ ಬಂದರೆ ನಿಂತೇ ಹೋಗುತ್ತದೆ. ಹೀಗಾಗಿ ಫೋನು ನಮ್ಮ ಸರ್ವರ್ ಎಂಬ ಕಂಪ್ಯೂಟರನ್ನು ಪುಟ ಕೇಳುವಾಗ ಜೊತೆಗೇ ತನ್ನ ವಿವರವನ್ನೂ ಕಳಿಸಬೇಕು: ನನ್ನ ಅಗಲ ಇಷ್ಟು, ಬಣ್ಣ ಇದೆ, ಕನ್ನಡ ಬರುತ್ತದೆ, ಹೀಗೆ. ಸರ್ವರ್ ಅದನ್ನು ನೋಡಿ ಆ ಫೋನಿನ ಅಳತೆಗೆ ಪುಟವನ್ನು ಕತ್ತರಿಸಿ ಕಳಿಸುತ್ತದೆ. ದರ್ಜಿ ಅಳತೆ ತೆಗೆದುಕೊಂಡು ಅಂಗಿ ಹೊಲಿದಂತೆಯೇ. ತಾಪತ್ರಯ ಏನೆಂದರೆ ಒಬ್ಬ ತಯಾರಕ ಅಗಲವನ್ನು ಚುಕ್ಕಿಗಳಲ್ಲಿ ಹೇಳುತ್ತಿದ್ದ, ಇನ್ನೊಬ್ಬ ಸಾಲಿಗೆ ಎಷ್ಟು ಅಕ್ಷರ ಎಂದು ಹೇಳುತ್ತಿದ್ದ, ಮೂರನೆಯವನು ಹೇಳುತ್ತಲೇ ಇರಲಿಲ್ಲ. ಎಲ್ಲ ಸಾಧನಗಳೂ ಒಂದೇ ಪದಗಳಲ್ಲಿ, ಒಂದೇ ಅಳತೆಯಲ್ಲಿ ತಮ್ಮ ವಿವರ ಕೊಡುವಂತೆ ಮಾಡುವುದಕ್ಕೆ ದೇಶವಿದೇಶದ ಜನ ಕೂಡಿದ ಸಮಿತಿಯೊಂದಿತ್ತು. ನಮ್ಮ ಕಂಪನಿ ಅದರಲ್ಲಿ ಒಂದು ಸಣ್ಣ ಸದಸ್ಯ.

ಸಮಿತಿ ಒಪ್ಪಿದ ಪದಗಳು ಹೊಲದಲ್ಲಿ, ಸಂತೆಯಲ್ಲಿ ನಿಲ್ಲುತ್ತವೆಯೋ ಇಲ್ಲವೋ ನೋಡುವ ಕಚೇರಿ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಬೀಜದ ಅಂಗಡಿಯ ಮೇಲಿತ್ತು. ಬಸ್ಸಿನ ವೇಳೆ, ಮಾರುಕಟ್ಟೆಯ ಧಾರಣೆ, ಹೂವಿನ ಬೇಡಿಕೆ, ಈ ಮೂರು ಪುಟಗಳನ್ನು ಸುತ್ತಲಿನ ಐದು ತಾಲೂಕುಗಳ ಜನರಿಗೆ ನಾವು ಕೊಡುತ್ತಿದ್ದೆವು. ನನ್ನ ಕೆಲಸ ಊರೂರು ತಿರುಗಿ, ಫೋನು ತನ್ನ ಬಗ್ಗೆ ಹೇಳಿಕೊಂಡದ್ದು ನಿಜವೋ ಎಂದು ಪರೀಕ್ಷಿಸುವುದು. ಮೇಲಧಿಕಾರಿ ಹರಪನಹಳ್ಳಿಯ ರುದ್ರೇಶಪ್ಪನವರು. ಕಾಗದದ ಮೇಲೆ ಇದ್ದದ್ದು ಜಗತ್ತಿನಲ್ಲಿಯೂ ಇರುತ್ತದೆ ಎಂದು ನಂಬಿದ ಸಜ್ಜನ.

ಅವರ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಗುಡೇಕೋಟೆಯಲ್ಲಿ. ಒಂದು ಜಾತಿಯ ಫೋನಿನ ವಿವರದಲ್ಲಿ ಕನ್ನಡ ಬರುತ್ತದೆ ಎಂದಿತ್ತು. ನಾವು ಧಾರಣೆಯ ಪುಟವನ್ನು ಕನ್ನಡದಲ್ಲಿ ಕಳಿಸಿದೆವು. ಕುರಿ ಕಾಯುವ ಹಿರಿಯರೊಬ್ಬರ ಬಳಿ ಆ ಫೋನು ಇತ್ತು. ಕೇಳಿ ತೆಗೆದು ನೋಡಿದರೆ ಅಕ್ಷರಗಳೆಲ್ಲ ಇದ್ದವು, ಒತ್ತಕ್ಷರಗಳು ಮಾತ್ರ ಕೆಳಗೆ ಕೂರುವುದನ್ನು ಬಿಟ್ಟು ಪಕ್ಕದಲ್ಲಿ ನಿಂತಿದ್ದವು. ಏನು ಕಾಣಿಸುತ್ತದೆ ಎಂದು ಕೇಳಿದೆ.

“ಕನ್ನಡ ಇದ್ದಂಗ ಐತ್ರಿ,” ಎಂದರು. “ಆದ್ರ ಓದಾಕ ಬರಂಗಿಲ್ಲ. ನಾನೇನು ಮರ್ತೀನೋ ಅನಕೊಂಡಿದ್ದೆ.”

ತಯಾರಕರಿಗೆ ಬರೆದೆವು. ಅಕ್ಷರಗಳನ್ನು ತುಂಬಿದ್ದೇವೆ, ಹಾಗಾಗಿ ಬರುತ್ತದೆ ಎಂದೇ ಹೇಳಿದ್ದೇವೆ ಎಂದು ಉತ್ತರ ಬಂತು. ಅವರು ಸುಳ್ಳು ಹೇಳಿರಲಿಲ್ಲ. ಹೌದು ಅಥವಾ ಇಲ್ಲ ಎಂದಷ್ಟೇ ಹೇಳಲು ಜಾಗ ಕೊಟ್ಟಿದ್ದವರು ನಾವು. ಆಮೇಲೆ ಆ ಒಂದು ಕಲಮನ್ನು ಮೂರಾಗಿ ಒಡೆಯುವುದಕ್ಕೆ ಸಮಿತಿಯಲ್ಲಿ ಒಂದು ಮಳೆಗಾಲ ಪೂರ್ತಿ ಹೋಯಿತು. ಹೊಸಬರು ಇಷ್ಟು ನೆನಪಿಟ್ಟುಕೊಂಡರೆ ಸಾಕು: ಹೌದು ಎಂಬ ಉತ್ತರ ಸಿಕ್ಕಿದ ಕೂಡಲೇ ಕುರ್ಚಿಯಿಂದ ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ.

ಇನ್ನೊಂದು ಪಜೀತಿ ಹರಪನಹಳ್ಳಿಯದು. ದನಿ ಹೊರಡಿಸಬಲ್ಲೆ ಎಂದು ಹೇಳಿಕೊಂಡ ಫೋನುಗಳಿಗೆಲ್ಲ ಬಸ್ಸಿನ ವೇಳೆಯನ್ನು ಓದಿ ಹೇಳುವ ಪುಟ ಹೋಗಲಿ ಎಂದು ರುದ್ರೇಶಪ್ಪನವರು ಅಪ್ಪಣೆ ಮಾಡಿದರು. ಓದಲು ಬಾರದವರಿಗೆ ಅನುಕೂಲವಾಗಲಿ ಎಂಬ ಒಳ್ಳೆಯ ಮನಸ್ಸೇ. ಅಲ್ಲಿನ ಶಾಲೆಯೊಂದಕ್ಕೆ ತಪಾಸಣೆಗೆ ಬಂದ ಸಾಹೇಬರು ಎದುರು ಕೂತಿರುವಾಗ ಮೇಷ್ಟ್ರೊಬ್ಬರು ಮೇಜಿನ ಕೆಳಗೆ ಫೋನು ಹಿಡಿದು ಆ ಪುಟ ತೆರೆದರು. ಫೋನು ಇಡೀ ಕೋಣೆಗೆ ಕೇಳುವಂತೆ, ದಾವಣಗೆರೆಗೆ ಬಸ್ಸು ಈಗಲೇ ಹೊರಡುತ್ತದೆ ಎಂದಿತು. ಸಾಹೇಬರು ದಾವಣಗೆರೆಯವರು. ತಮ್ಮನ್ನು ಎಬ್ಬಿಸಿ ಕಳಿಸುತ್ತಿದ್ದಾರೆ ಎಂದೇ ತಿಳಿದರು. ಮೇಷ್ಟ್ರು ಮರುದಿನ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದು ರುದ್ರೇಶಪ್ಪನವರಿಗೆ ಮುಖದ ನೀರಿಳಿಸಿ ಹೋದರು. ಸಾಧನಕ್ಕೆ ಬರುತ್ತದೆ ಎನ್ನುವುದು ಬೇರೆ, ಮನುಷ್ಯನಿಗೆ ಬೇಕು ಎನ್ನುವುದು ಬೇರೆ ಎಂದು ಅವತ್ತೇ ನಮಗೆ ತಿಳಿಯಬೇಕಿತ್ತು. ನಾವು ದನಿಯನ್ನಷ್ಟೇ ತೆಗೆದು ಸುಮ್ಮನಾದೆವು.

ಇನ್ನು ಗಂಗಮ್ಮನವರ ವಿಷಯ. ಹಡಗಲಿಯ ಬಸ್ ನಿಲ್ದಾಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ವ್ಯವಹಾರ. ಹೊಳಲು ಕಡೆಯ ಬೆಳೆಗಾರರು ಮುಂಜಾನೆ ಬಿಡಿಸಿದ ಮಲ್ಲಿಗೆ ಮೊಗ್ಗು ತಂದು ಅವರಿಗೆ ಒಪ್ಪಿಸುತ್ತಿದ್ದರು. ಅವರು ಮೊಗ್ಗು ನೋಡಿ ವಿಂಗಡಿಸಿ, ಒದ್ದೆ ಬಟ್ಟೆ ಮುಚ್ಚಿ, ಯಾವ ಊರಿನ ಬಸ್ಸಿಗೆ ಎಷ್ಟು ಬುಟ್ಟಿ ಎಂದು ತೀರ್ಮಾನಿಸಿ ಏರಿಸುತ್ತಿದ್ದರು. ತೀರ್ಮಾನ ತಪ್ಪಿದರೆ ಬೇಡವಾದ ಊರಿನಲ್ಲಿ ಬುಟ್ಟಿ ಇಳಿದು, ಸಂಜೆಗೆ ಮೊಗ್ಗು ಅರಳಿ, ಯಾರಿಗೂ ಬೇಡದ್ದಾಗುತ್ತದೆ. ಏಜೆಂಟರೆಂದರೆ ಆ ತೀರ್ಮಾನವೇ. ಮೂರು ಸಲ ತಪ್ಪಿದವರ ಬಳಿಗೆ ಬೆಳೆಗಾರರು ಮತ್ತೆ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಆ ಶೆಡ್ಡನ್ನು ಒಬ್ಬರೇ ನಡೆಸಿಕೊಂಡು ಬಂದಿದ್ದರು. ಅದು ಹೋದರೆ ಅವರಿಗೆ ಬೇರೆ ಏನೂ ಇರಲಿಲ್ಲ.

ನಮ್ಮ ಪುಟದಲ್ಲಿ ಪ್ರತಿ ಊರಿನ ಎದುರು ಮೊನ್ನೆಯ, ನಿನ್ನೆಯ, ಇವತ್ತಿನ ಬೇಡಿಕೆ ಒಂದೇ ಸಾಲಿನಲ್ಲಿ ಬರುತ್ತಿತ್ತು. ತರಬೇತಿಗೆ ಬಂದ ಏಜೆಂಟರಿಗೆ ನಾನೇ ಹೇಳಿಕೊಟ್ಟದ್ದು, ಸಾಲಿನ ಕೊನೆಯ ಅಂಕಿ ಇವತ್ತಿನದು ಎಂದು. ಕೆಳಗಿನ ಊರುಗಳಿಗೆ ಇಳಿಯುವಷ್ಟರಲ್ಲಿ ತಲೆಬರಹ ಮೇಲೆ ಮರೆಯಾಗುತ್ತಿತ್ತು, ಆದ್ದರಿಂದ ಆ ಸೂತ್ರ ಎಲ್ಲರಿಗೂ ಅನುಕೂಲವಾಯಿತು.

ಒಂದು ದಿನ ಗಂಗಮ್ಮ ದಾವಣಗೆರೆಗೆ ರಾಶಿ ಬುಟ್ಟಿ ಕಳಿಸಿದರು. ಅಲ್ಲಿ ಹಿಂದಿನ ದಿನ ಮದುವೆ ಮುಹೂರ್ತಗಳಿದ್ದವು. ಅವತ್ತು ಏನೂ ಇರಲಿಲ್ಲ. ಅದೇ ವಾರ ಹೊಸಪೇಟೆಗೂ ಹಾಗೇ ಆಯಿತು. ಹೊಳಲಿನ ಬೆಳೆಗಾರರು ಇನ್ನೊಂದು ಸಲ ಹೀಗಾದರೆ ಹೂವು ಬೇರೆ ಕಡೆ ಹಾಕುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಗಂಗಮ್ಮ ನನಗೆ ಫೋನ್ ಮಾಡಿದರು.

“ಅಕ್ಕಾರ, ನೀವು ಹೇಳಿದಂಗ ಕೊನೀ ಅಂಕಿ ನೋಡೇ ಕಳಿಸೀನ್ರಿ. ಅಂಕಿ ಸುಳ್ಳು ಹೇಳ್ತೋ, ನಾ ಸುಳ್ಳು ಹೇಳ್ತೀನೋ, ಬಂದು ನೋಡ್ರಿ. ಇವ್ರ ಮುಂದ ನನಗ ಮುಖ ಇಲ್ದಂಗ ಆಗೈತಿ.”

ಹೋಗಿ ನೋಡಿದೆ. ಪರದೆಯ ಬಲಗಡೆ ಒಂದು ಪಟ್ಟಿಯಷ್ಟು ಭಾಗ ಕತ್ತರಿಸಿಹೋಗಿತ್ತು. ಇವತ್ತಿನ ಅಂಕಿ ಆಚೆ ಉಳಿದು, ಕಾಣುವ ಕೊನೆಯ ಅಂಕಿ ನಿನ್ನೆಯದಾಗಿತ್ತು. ಈ ಫೋನು ಅಷ್ಟು ಅಗಲದ್ದಲ್ಲ. ಆದರೆ ಸರ್ವರ್‌ಗೆ ಅದು ತಾನು ಅಗಲದ ಫೋನು ಎಂದೇ ಹೇಳುತ್ತಿತ್ತು. ಯಾರಿಗಾದರೂ ರಿಪೇರಿಗೆ ಕೊಟ್ಟಿದ್ದಿರಾ ಎಂದು ಕೇಳಿದೆ. ನಿಲ್ದಾಣದ ಎದುರಿನ ಖಾಜಾ ಹೋದ ವಾರವಷ್ಟೇ ಕನ್ನಡ ಹಾಕಿಕೊಟ್ಟ ಎಂದರು.

ಖಾಜಾ ಮೊಬೈಲ್ ರಿಪೇರಿಯವನು. ಏನನ್ನೂ ಮುಚ್ಚಿಡಲಿಲ್ಲ. ಆ ಜಾತಿಯ ಸಣ್ಣ ಫೋನುಗಳಲ್ಲಿ ಕನ್ನಡ ಇರಲಿಲ್ಲ. ಅದೇ ಕಂಪನಿಯ ದೊಡ್ಡ ಫೋನಿನಲ್ಲಿ ಇತ್ತು. ಒಳಗಿನ ಚಿಪ್ ಎರಡಕ್ಕೂ ಒಂದೇ. ದೊಡ್ಡದರ ಸಾಫ್ಟ್‌ವೇರ್ ತೆಗೆದು ಸಣ್ಣದಕ್ಕೆ ತುಂಬಿದ್ದ.

“ಅಂಚು ಕಟ್ ಆಗ್ತೈತಲ್ಲೋ,” ಎಂದೆ.

“ಆಗ್ತೈತಿ ಮೇಡಂ. ಎಲ್ಲಾರಿಗೂ ಮೊದ್ಲ ಹೇಳೇ ಹಾಕ್ತೀನಿ. ಅಂಚು ಹೋದ್ರ ಹೋಗ್ಲಿ, ಕನ್ನಡ ಬರ್ಲಿ ಅಂತಾರ. ಬರವಣಿಗಿ ಎಡಕ್ಕಿಂದ ಶುರು ಆಗ್ತೈತಲ್ರಿ, ಬಲಕ್ಕ ಏನ್ ದೊಡ್ಡ ವಿಷ್ಯ ಇರ್ತೈತಿ ಅಂತ.”

“ಎಷ್ಟು ಮಂದಿಗೆ ಹಾಕೀದಿ?”

“ಹಡಗಲಿ ಅಷ್ಟ ಅಲ್ರಿ, ಕೂಡ್ಲಿಗಿಯಿಂದಾನೂ ಬರ್ತಾರ,” ಎಂದ, ಸ್ವಲ್ಪ ಹೆಮ್ಮೆಯಿಂದಲೇ.

ಅವನ ಮೇಲೆ ಸಿಟ್ಟು ಬರಲಿಲ್ಲ. ನಾವು ಮಾಡಬೇಕಾದ್ದನ್ನು ಅವನು ಮಾಡಿದ್ದ, ಅಂಚನ್ನು ಬಲಿ ಕೊಟ್ಟಿದ್ದ, ಅಷ್ಟೇ. ಆದರೆ ನಮ್ಮ ಇಡೀ ವ್ಯವಸ್ಥೆ ನಿಂತಿದ್ದು, ತಯಾರಕ ಕೊಟ್ಟ ವಿವರವೇ ಸತ್ಯ ಎಂಬ ಊಹೆಯ ಮೇಲೆ. ಈ ಕಡೆಯ ಅರ್ಧ ಫೋನುಗಳು ಬೇರೆ ಫೋನಿನ ಹೆಸರು ಹೇಳಿಕೊಂಡು ಓಡಾಡುತ್ತಿದ್ದವು. ಬಲು ಪ್ರಾಮಾಣಿಕವಾಗಿಯೇ, ತಾವು ಅವೇ ಎಂದು ನಂಬಿಕೊಂಡು.

ರುದ್ರೇಶಪ್ಪನವರು ಕೇಳಿ ಬಹಳ ನೊಂದುಕೊಂಡರು. “ಇಂಥ ಫೋನಿಗೆ ಪುಟಾನೇ ಕೊಡಬ್ಯಾಡ್ರಿ. ಈ ಸಾಧನ ನಡೆಯಲ್ಲ ಅಂತ ಒಂದು ಸಾಲು ಕಳಿಸಿಬಿಡ್ರಿ.”

“ಹಂಗ ಮಾಡಿದ್ರ ಗಂಗಮ್ಮನ ಅಂಗಡಿ ನಾಳೆಯೇ ಮುಚ್ಚತೈತಿ ಸರ್.”

“ಮತ್ತೆ ಯಾವುದನ್ನ ನಂಬಾದು? ಫೋನನ್ನ ನಂಬಂಗಿಲ್ಲ, ಕಂಪನೀನ ನಂಬಂಗಿಲ್ಲ.”

“ಹಿಡಕೊಂಡವರನ್ನ ಕೇಳೋಣ ಸರ್.”

ಅವರು ಹಣೆ ಚಚ್ಚಿಕೊಳ್ಳಲಿಲ್ಲ, ಅಷ್ಟೇ. ಆದರೂ ಮಾಡಲು ಬಿಟ್ಟರು. ಪುಟದ ಮೊದಲಿಗೆ ಒಂದರಿಂದ ಒಂಬತ್ತರವರೆಗೆ ಅಂಕಿಗಳನ್ನು ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಇಟ್ಟೆವು. ಕೆಳಗೆ, ನಿಮಗೆ ಕಾಣುವ ಕೊನೆಯ ಅಂಕಿಯನ್ನು ಒತ್ತಿ ಎಂದು ಬರೆದೆವು. ಒತ್ತಿದ ಅಂಕಿಯೇ ಆ ಫೋನಿನ ಅಗಲ. ಯಾವುದರ ಹೆಸರು ಹೇಳಿಕೊಂಡರೂ ಸರಿ, ಪುಟ ಆ ಅಂಕಿಯ ಅಳತೆಗೆ ಹೋಗುತ್ತಿತ್ತು. ಅಂಕಿ ಚಿಕ್ಕದಾದಷ್ಟೂ ಸಾಲು ಮುರಿದು ಒಂದರ ಕೆಳಗೊಂದು ಬರುತ್ತಿತ್ತು. ಹಾಗೆ ಬಂದಾಗ ಜಾಗ ಉಳಿಯುತ್ತದಲ್ಲ ಎಂದು ಅಕ್ಷರವನ್ನೂ ದಪ್ಪ ಮಾಡಿದ್ದೆವು. ಗಂಗಮ್ಮನವರ ಫೋನಿನಲ್ಲಿ ಆರು ಕಂಡಿತು. ಆರು ಒತ್ತಿಸಿದೆ. ಇವತ್ತಿನ ಅಂಕಿ ಒಳಗೆ ಬಂತು. ಬೆಳೆಗಾರರು ಮೂರು ದಿನ ಅನುಮಾನದಿಂದ ನೋಡಿದರು, ಬುಟ್ಟಿಗಳು ಸರಿಯಾದ ಊರಿಗೆ ಹೋದವು, ಸುಮ್ಮನಾದರು.

ಇದನ್ನು ಸಮಿತಿಯ ಮುಂದೆ ಇಟ್ಟೆವು. ಸಭೆಗಳು ಫೋನಿನಲ್ಲೇ ನಡೆಯುತ್ತಿದ್ದವು. ನಾಲ್ಕಾರು ದೇಶದವರು ಸೌಜನ್ಯದಿಂದ ಕೇಳಿಸಿಕೊಂಡರು. ಬಳಕೆದಾರ ತಪ್ಪು ಹೇಳಿದರೆ ಎಂದು ಒಬ್ಬರು ಕೇಳಿದರು. ತಯಾರಕ ತಪ್ಪು ಹೇಳಿದಾಗ ಏನು ಮಾಡುತ್ತಿದ್ದೀರಿ ಎಂದು ನಾನು ಕೇಳಿದೆ. ಕೊನೆಗೆ, ಹಿಡಿದವರ ಮಾತು ಸಾಧನದ ವಿವರವನ್ನು ತಿದ್ದಬಹುದು ಎಂಬ ಒಂದು ವಾಕ್ಯ ಸೇರಿತು, ಐಚ್ಛಿಕ ಎಂಬ ಷರಾದೊಡನೆ. ಐಚ್ಛಿಕ ಎಂದರೆ ಯಾರೂ ಮಾಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲೇ ನಿಮಗೂ ತಿಳಿಯುತ್ತದೆ. ನಾವು ಮಾಡಿದೆವು.

ಒಂದೆರಡು ವರ್ಷ ಕಳೆದ ಮೇಲೆ ರುದ್ರೇಶಪ್ಪನವರು ನನ್ನನ್ನು ಕರೆದು ಕಂಪ್ಯೂಟರ್ ತೋರಿಸಿದರು. ಹಡಗಲಿ, ಕೂಡ್ಲಿಗಿ ಕಡೆ ಆರು ಎಂದು ಹೇಳಿದ್ದ ಫೋನುಗಳು ಒಂದೊಂದಾಗಿ ನಾಲ್ಕಕ್ಕೆ ಇಳಿಯುತ್ತಿದ್ದವು.

“ಫೋನೇನು ಬಟ್ಟೆ ಏನ್ರಿ, ಒಗೆದ್ರೆ ಕುಗ್ಗೋಕೆ?” ಎಂದರು. “ಜನ ಮನಸಿಗೆ ಬಂದಿದ್ದು ಒತ್ತತಾರೆ. ಮುಂದಿನ ತಿಂಗಳಿಂದ ಇಂಥ ಉತ್ತರ ಎಲ್ಲಾ ತೆಗೆದುಹಾಕಿ, ಅಳತೆ ಪ್ರಕಾರ ನಾವೇ ಆರು ಅಂತ ಹಾಕಿಬಿಡಣ. ಅಷ್ಟರಾಗೆ ನೀವೊಂದು ಸಲ ಹೋಗಿ ನೋಡಿ ಬರ್ರಿ.”

ಗಂಗಮ್ಮನವರ ಫೋನೂ ಆ ಸಾಲಿನಲ್ಲಿತ್ತು. ಮೊದಲು ಅಲ್ಲಿಗೇ ಹೋದೆ. ಶೆಡ್ಡಿನ ತುಂಬ ಬೆಳೆಗಾರರು. ಫೋನು ಇಸಕೊಂಡು ನೋಡಿದರೆ ಆರರವರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಷ್ಟು ಕಾಣಿಸುತ್ತದೆ ಗಂಗಮ್ಮಾರ ಎಂದೆ. ನಾಕು ಎಂದರು, ನನ್ನ ಮುಖ ನೋಡದೆ, ಕೈ ಬುಟ್ಟಿಯೊಳಗೇ ಇಟ್ಟುಕೊಂಡು. ಎಲ್ಲರ ಎದುರು ಇನ್ನೊಮ್ಮೆ ಕೇಳುವುದು ಬೇಡ ಅನಿಸಿತು. ಬಸ್ಸಿಗೆ ಬುಟ್ಟಿ ಏರಿ, ಜನ ಕರಗಿದ ಮೇಲೆ ಅವರೇ ನನ್ನನ್ನು ಒಳಗೆ ಕೂರಿಸಿಕೊಂಡರು.

“ಎರಡೂ ಕಣ್ಣಾಗ ಪೊರಿ ಬಂದೈತ್ರಿ ಅಕ್ಕಾರ. ಒಂದಿನ ತಪ್ಪಿ ನಾಕು ಒತ್ತಿದೆ, ಅಕ್ಷರ ದಪ್ಪ ಆದ್ವು. ಅವತ್ತಿಂದ ಹಂಗ ನಡಿಸೀನಿ.”

“ಮೊಗ್ಗು ಹೆಂಗ ವಿಂಗಡಸ್ತೀರಿ?”

“ಬೆರಳಿಗೆ ಗೊತ್ತಾಗ್ತೈತಿ. ಅದಕ್ಕ ಕಣ್ಣು ಬೇಕಿಲ್ಲ. ಆದ್ರ ಅದನ್ನ ಇವ್ರು ನಂಬ್ತಾರೇನು? ಕಣ್ಣು ಕಾಣದಾಕಿ ಕೈಗೆ ಹೂವು ಯಾರು ಕೊಡ್ತಾರ? ಆಪರೇಷನ್ ಮಾಡಿಸ್ಬೇಕಂದ್ರ ಶೆಡ್ಡು ಮುಚ್ಚಬೇಕು. ಈಗ ಸೀಜನ್. ಮುಚ್ಚಿದ್ರ ತಿರುಗಿ ಬರಂಗಿಲ್ಲ ಅವ್ರು.”

ದಪ್ಪ ಅಕ್ಷರ ಬೇಕೇ ಎಂದು ಪುಟದಲ್ಲಿ ಬೇರೆಯಾಗಿ ಒಂದು ಪ್ರಶ್ನೆ ಇಡೋಣ ಎಂದೆ. ಅವರು ಕೈ ಅಲ್ಲಾಡಿಸಿದರು.

“ಬ್ಯಾಡ್ರಿ. ಫೋನ್ ತಗದ್ರ ಹತ್ತು ಮಂದಿ ಹೆಗಲ ಮ್ಯಾಲಿಂದ ಇಣುಕ್ತಾರ. ದಪ್ಪ ಅಕ್ಷರ ಬೇಕು ಅಂತ ಒತ್ತಿದ್ದು ಕಂಡ್ರ ಮುಗೀತು. ನಾಕು ಅಂದ್ರ ಯಾರಿಗೂ ತಿಳಿಯಂಗಿಲ್ಲ. ನೀವು ಫೋನಿಗೆ ಎಷ್ಟು ಕಾಣಸ್ತೈತಿ ಅಂತ ಕೇಳೀರಿ, ನಾ ನನಗ ಎಷ್ಟು ಕಾಣಸ್ತೈತಿ ಅಂತ ಹೇಳೀನಿ. ತಪ್ಪಾತೇನು?”

ತಪ್ಪಾಗಿರಲಿಲ್ಲ. ಕೂಡ್ಲಿಗಿಗೂ ಹೋದೆ. ನಾಲ್ಕು ಒತ್ತಿದವರಲ್ಲಿ ಬಹುತೇಕ ಎಲ್ಲರೂ ವಯಸ್ಸಾದವರು. ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಚೇರಿಗೆ ಬಂದು ವರದಿ ಕೊಟ್ಟೆ: ಹಿಡಿದವರು ಏನು ಒತ್ತುತ್ತಾರೋ ಅದೇ ಉಳಿಯಬೇಕು, ಕಾರಣ ಕೇಳಬಾರದು. ರುದ್ರೇಶಪ್ಪನವರು ಹಾಳೆಯನ್ನು ಕೈಯಳತೆ ದೂರ ಹಿಡಿದು ಓದಿದರು.

“ಯಾಕೆ ಕೇಳಬಾರದು? ನಮಗೆ ಗೊತ್ತಾಗಬಾರದೇನು?”

“ಗೊತ್ತಾದ್ರ ನಾವು ಏನು ಬ್ಯಾರೆ ಮಾಡ್ತೀವಿ ಸರ್? ನಾಕು ಅಂದ್ರ ನಾಕರ ಅಳತಿಗೆ ಪುಟ ಹೋಗ್ತೈತಿ. ಅಷ್ಟ ಸಾಕಲ್ಲ.”

ಅವರು ಹಾಳೆಯನ್ನು ಇನ್ನೂ ಸ್ವಲ್ಪ ದೂರ ಸರಿಸಿ ಮತ್ತೊಮ್ಮೆ ಓದಿದರು. ಸಹಿ ಹಾಕಿದರು. ಒಳ್ಳೆಯ ಮನುಷ್ಯ, ಕಾಗದದ ಮೇಲೆ ಬಂದ ಮೇಲೆ ಅವರದು ತಕರಾರಿರುತ್ತಿರಲಿಲ್ಲ.

ಸೀಜನ್ ಮುಗಿದ ಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರ್ ನೋಡುತ್ತಿದ್ದೆ. ಯಾವ ಫೋನು ಯಾವಾಗ ಯಾವ ಅಂಕಿಗೆ ಬದಲಾಯಿತು ಎಂದು ಅದರಲ್ಲಿ ದಾಖಲಾಗುತ್ತಿತ್ತು. ಗಂಗಮ್ಮನವರ ಫೋನು ಎರಡು ವಾರ ಸುಮ್ಮನಿದ್ದು, ನಾಲ್ಕರಿಂದ ಆರಕ್ಕೆ ಏರಿತ್ತು. ನನಗೆ ಆದ ಸಂತೋಷ ಹೇಳತೀರದು. ತಡೆಯಲಾರದೆ ಆಗಲೇ ಫೋನ್ ಮಾಡಿದೆ.

“ಆಪರೇಷನ್ ಚೊಲೋ ಆತೇನ್ರಿ ಗಂಗಮ್ಮಾರ?”

ಬಹಳ ಸಣ್ಣ ದನಿಯಲ್ಲಿ, “ಯಾರ್ ಹೇಳಿದ್ರು?” ಎಂದರು. “ತಂಗಿ ಮನಿಗೆ ಹೋಗ್ತೀನಿ ಅಂತ ಹೇಳಿ ಹೋಗಿದ್ದೆ. ಯಾರಿಗೂ ಹೇಳಿಲ್ಲ ನಾನು.”

“ಯಾರೂ ಹೇಳಿಲ್ರಿ. ನಿಮ್ಮ ಫೋನಿನ ಅಂಕಿ ಬದಲಾತು, ಇಲ್ಲಿ ಕಂಡ್ತು.”

“ಅಲ್ಲಿ ಯಾರ್ಯಾರಿಗೆ ಕಾಣಸ್ತೈತ್ರಿ ಅದು?”

ಕಚೇರಿಯಲ್ಲಿ ಕೂತ ನಮಗೆಲ್ಲ ಎಂದೆ. ಹಾಗೆನ್ನುವಾಗಲೇ ನನ್ನ ದನಿ ಇಳಿದಿತ್ತು.

“ನಾಳೆ ಹೊಳಲಿನವ ಯಾವನರ ನಿಮ್ಮ ಕಚೇರ್ಯಾಗ ಕೆಲಸಕ್ಕ ಸೇರ್ಕೊಂಡ್ರ?” ಎಂದರು. ಸಿಟ್ಟಿನಿಂದಲ್ಲ, ಲೆಕ್ಕ ಹಾಕುವವರ ಹಾಗೆ. “ಅಕ್ಕಾರ, ನನಗ ಪುಟ ಕೊಡಾಕ ಎಷ್ಟು ಬೇಕೋ ಅಷ್ಟು ಆ ಫೋನು ಹೇಳ್ಲಿ. ನನ್ನ ಸುದ್ದಿ ಹೇಳೂದು ಬ್ಯಾಡ.”

ಫೋನಿಟ್ಟೆ. ಸಾಧನಗಳು ತಮ್ಮ ಬಗ್ಗೆ ಇನ್ನಷ್ಟು, ಮತ್ತಷ್ಟು ಹೇಳುವಂತೆ ಮಾಡುವುದಕ್ಕೇ ಅಲ್ಲಿಯವರೆಗೆ ನಾವೆಲ್ಲ ಸಂಬಳ ತೆಗೆದುಕೊಂಡಿದ್ದೆವು. ಸಮಿತಿಯ ಪದಗಳ ಸಂಖ್ಯೆ ಬೆಳೆದಷ್ಟೂ ಕೆಲಸ ಮುಂದುವರಿಯಿತು ಎಂದು ಅಂದುಕೊಳ್ಳುತ್ತಿದ್ದೆವು. ಈಗ ನಿಮ್ಮ ಕಾಲದಲ್ಲಿ ಪುಟವೇ ಪರದೆಯ ಅಗಲ ಕೇಳಿಕೊಂಡು ತಾನೇ ಹೊಂದಿಕೊಳ್ಳುತ್ತದೆ, ನಮ್ಮ ಪದಗಳಲ್ಲಿ ಹೆಚ್ಚಿನವನ್ನು ಯಾರೂ ಬಳಸುವುದಿಲ್ಲ. ಅದರ ಬಗ್ಗೆ ನನಗೆ ದುಃಖವಿಲ್ಲ. ಆದರೆ ಈಗಲೂ ಫೋನುಗಳು ಹೇಳುತ್ತಲೇ ಇವೆ, ಕೇಳಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ಅದಕ್ಕಾಗಿಯೇ ನಿಮಗೆ ಇಷ್ಟೆಲ್ಲ ಹೇಳಬೇಕಾಯಿತು.

ಅವತ್ತು ಮಧ್ಯಾಹ್ನ ರುದ್ರೇಶಪ್ಪನವರ ಒಪ್ಪಿಗೆ ಪಡೆದು, ಅಂಕಿ ಬದಲಾದದ್ದನ್ನು ದಾಖಲಿಸುವ ಭಾಗವನ್ನು ತೆಗೆಸಿದೆ, ಹಳೆಯದನ್ನೂ ಅಳಿಸಿಸಿದೆ. ಒತ್ತಿದ ಅಂಕಿ ಆ ಫೋನಿನಲ್ಲೇ ಉಳಿಯುವಂತೆ ಮಾಡಿದೆವು. ಪುಟ ಕೇಳಿದಾಗ ಬರುತ್ತಿತ್ತು, ಪುಟ ಹೋದ ಕೂಡಲೇ ನಮ್ಮಲ್ಲಿ ಇಲ್ಲವಾಗುತ್ತಿತ್ತು. ಗಂಗಮ್ಮನವರ ಇನ್ನೊಂದು ಕಣ್ಣಿಗೂ ಪೊರೆ ಬಂದಿತ್ತು ಎಂದು ಅವರೇ ಹಿಂದೆ ಹೇಳಿದ್ದರು. ಅದರ ಆಪರೇಷನ್ ಯಾವಾಗ ಆಯಿತೋ, ಆಯಿತೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ. ಶೆಡ್ಡು ಮಾತ್ರ ನಡೆದೇ ಇತ್ತು.